ಹತ್ತೂವರೆಯ ಡಬ್ಬಿಗೆ ನೂರು ವರ್ಷದ ಕಥೆ



ನಿಮ್ಮ ಮನೆಯಲ್ಲಿ ಮೂರು-ನಾಲ್ಕು ವರ್ಷದ ಮಗು ಇದ್ದರೆ ಈ ದೃಶ್ಯ ಹೊಸದೇನಲ್ಲ. ಬೆಳಗ್ಗೆ ಎಂಟೂಕಾಲು. ಪ್ಲೇಸ್ಕೂಲಿನ ವ್ಯಾನು ಇನ್ನೇನು ಬಂದೇಬಿಟ್ಟಿತು. ಒಂದು ಶೂ ಸಿಕ್ಕಿದೆ, ಇನ್ನೊಂದು ಸೋಫಾ ಕೆಳಗೆಲ್ಲೋ ಸೇರಿಕೊಂಡಿದೆ. ಅಷ್ಟರಲ್ಲಿ ನೆನಪಾಗುತ್ತದೆ, ಹತ್ತೂವರೆಯ ತಿಂಡಿ ಡಬ್ಬಿ ಇನ್ನೂ ಖಾಲಿ! ಡೈರಿಯಲ್ಲಿ ಟೀಚರಮ್ಮ ಕೆಂಪು ಇಂಕಿನಲ್ಲಿ 'ದಯವಿಟ್ಟು ಹೆಲ್ದೀ ಸ್ನ್ಯಾಕ್ಸ್ ಮಾತ್ರ ಕಳುಹಿಸಿ' ಎಂದು ಬರೆದಿದ್ದಾರೆ. ಹೆಲ್ದೀ ಅಂದರೆ ಯಾವುದು ಅಂತ ಮಾತ್ರ ಬರೆದಿಲ್ಲ. ಕೈ ತಾನಾಗಿಯೇ ಬಿಸ್ಕತ್ತಿನ ಪ್ಯಾಕೆಟ್ಟಿನತ್ತ ಹೋಗುತ್ತದೆ...

ಇದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ ಬಿಡಿ. ಪುಟ್ಟ ಮಗುವಿಗೆ ಶಾಲೆಯಲ್ಲಿ ತಿನ್ನಲು ಏನು ಕೊಡಬೇಕು ಎಂಬ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಅದು ನಗರಸಭೆಗಳನ್ನು, ಸರ್ಕಾರಗಳನ್ನು, ವಿಜ್ಞಾನಿಗಳನ್ನು, ಕೊನೆಗೆ ಸುಪ್ರೀಂ ಕೋರ್ಟನ್ನೂ ನೂರು ವರ್ಷದಿಂದ ಕಾಡಿದೆ. ಸ್ವಾರಸ್ಯ ಏನು ಗೊತ್ತೇ? ಈ ಕಥೆಯ ಬಹುಪಾಲು ನಡೆದದ್ದು ನೀವೀಗ ಬದುಕು ಕಟ್ಟಿಕೊಂಡಿರುವ ಊರುಗಳಲ್ಲೇ. ಚೆನ್ನೈ, ಮುಂಬಯಿಯ ಆಸುಪಾಸು, ಪುಣೆ, ಹೈದರಾಬಾದ್, ದಿಲ್ಲಿ. ನಡುನಡುವೆ ನಮ್ಮ ಮೈಸೂರೂ ಬರುತ್ತದೆ. ಬನ್ನಿ, ಒಂದು ಸುತ್ತು ಹೋಗಿಬರೋಣ.

ಮದರಾಸಿನ ಒಂದಾಣೆ

ಚೆನ್ನೈನ ಕೇಳುಗರಿಗೆ ಟಿ. ನಗರ ಗೊತ್ತಿಲ್ಲದೆ ಇರುತ್ತದೆಯೇ? ರೇಷ್ಮೆ ಸೀರೆಗೆ, ಪಾತ್ರೆಗೆ, ಹಬ್ಬದ ಖರೀದಿಗೆ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಆ 'ಟಿ' ಎಂದರೆ ತ್ಯಾಗರಾಯ. ಪಿ. ತ್ಯಾಗರಾಯ ಚೆಟ್ಟಿಯವರು ಜಸ್ಟೀಸ್ ಪಕ್ಷದ ಮುಖಂಡರು, ಮದರಾಸು ನಗರಸಭೆಯ ಅಧ್ಯಕ್ಷರಾಗಿದ್ದವರು. 1920ರಲ್ಲಿ ಅವರ ನಗರಸಭೆ ಒಂದು ಠರಾವು ಮಾಡಿತು. ಥೌಸಂಡ್ ಲೈಟ್ಸ್ ಬಡಾವಣೆಯ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ಟಿಫಿನ್ ಕೊಡತಕ್ಕದ್ದು, ಖರ್ಚು ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರತಕ್ಕದ್ದಲ್ಲ!

ಕಾರಣ ಸರಳವಾಗಿತ್ತು. ಬಡವರ ಮಕ್ಕಳು ಹಸಿವೆಯಿಂದಾಗಿ ಶಾಲೆಗೇ ಬರುತ್ತಿರಲಿಲ್ಲ. ಒಂದಾಣೆಯ ತಿಂಡಿ ಅವರನ್ನು ಕರೆತಂದಿತು. ಆದರೆ 1925ರಲ್ಲಿ ಬ್ರಿಟಿಷ್ ಸರ್ಕಾರ, ಪ್ರಾಥಮಿಕ ಶಿಕ್ಷಣದ ಹಣವನ್ನು ತಿಂಡಿಗೆ ಬಳಸುವಂತಿಲ್ಲ ಎಂದಿತು. ಯೋಜನೆ ನಿಂತುಹೋಯಿತು. ಶಿಕ್ಷಣ ಬೇರೆ, ಹೊಟ್ಟೆ ಬೇರೆ ಎಂಬ ಲೆಕ್ಕ ಕಡತದಲ್ಲಿ ಸರಿಯಾಗಿಯೇ ಕಂಡಿರಬೇಕು. ಮಗುವಿಗೆ ಮಾತ್ರ ಅವೆರಡೂ ಒಂದೇ.

ಮುಂದೆ 1956ರಲ್ಲಿ ಕಾಮರಾಜರು ಶಾಲಾ ಮಕ್ಕಳ ಮಧ್ಯಾಹ್ನದ ಊಟಕ್ಕೆ ಮತ್ತೆ ಜೀವ ಕೊಟ್ಟರು. 1982ರ ಜುಲೈನಲ್ಲಿ ಎಂ.ಜಿ.ಆರ್. ಸರ್ಕಾರ ಅದನ್ನು ಎರಡರಿಂದ ಐದು ವರ್ಷದ ಪುಟಾಣಿಗಳಿಗೂ ತಂದಿತು. ಅಂದರೆ, ಶಾಲೆಗೆ ಸೇರುವ ಮೊದಲೇ ಮಗುವಿನ ಹೊಟ್ಟೆಯ ಹೊಣೆ ಹೊರಲು ಸರ್ಕಾರ ಮುಂದಾಯಿತು.

ಅದೇ ಮದರಾಸು ಪ್ರಾಂತದ ನೀಲಗಿರಿ ಬೆಟ್ಟದ ಕೂನೂರಿನಲ್ಲಿ ಒಂದು ಪುಟ್ಟ ಪ್ರಯೋಗಾಲಯವಿತ್ತು. 1930ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ವಾಲೇಸ್ ಐಕ್ರಾಯ್ಡ್ ಮತ್ತು ಸಂಗಡಿಗರು ಹಾಸ್ಟೆಲ್ ಮಕ್ಕಳ ಅನ್ನದ ಊಟದ ಜೊತೆಗೆ ದಿನಾ ಕೆನೆ ತೆಗೆದ ಹಾಲಿನ ಪುಡಿಯನ್ನು ಕಲಸಿ ಕೊಟ್ಟು ನೋಡಿದರು. ಹಾಲು ಕುಡಿದ ಮಕ್ಕಳು ಎತ್ತರದಲ್ಲೂ ತೂಕದಲ್ಲೂ ಮುಂದೆ ಹೋದರು. 1937ರಲ್ಲಿ ಐಕ್ರಾಯ್ಡ್ ನಮ್ಮ ದೇಶದ ಆಹಾರಗಳಲ್ಲಿ ಯಾವ ಪೌಷ್ಟಿಕಾಂಶ ಎಷ್ಟಿದೆ ಎಂಬ ಪಟ್ಟಿಯನ್ನು ಪುಸ್ತಕವಾಗಿ ಹೊರತಂದರು. 'ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ನಲವತ್ತಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ' ಎಂದು ನಾವು ಇಂದು ಜಂಬದಿಂದ ಹೇಳಿಕೊಳ್ಳುತ್ತೇವಲ್ಲ, ಅಂಥ ಲೆಕ್ಕಗಳ ವಂಶವೃಕ್ಷ ಹುಡುಕುತ್ತ ಹೋದರೆ ಆ ಪುಸ್ತಕಕ್ಕೇ ಬಂದು ನಿಲ್ಲುತ್ತೇವೆ.

ಅಂಗಳಕ್ಕೆ ಬಂದ ಶಾಲೆ

ಈಗ ಪಶ್ಚಿಮಕ್ಕೆ ಬರೋಣ. ಮದರಾಸಿನಲ್ಲಿ ಒಂದಾಣೆ ಟಿಫಿನ್ ಶುರುವಾದ 1920ರಲ್ಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರ ತೆರೆದರು. ಬೆತ್ತವಿಲ್ಲದ, ಹೆದರಿಕೆಯಿಲ್ಲದ ಶಾಲೆ ಅದು. ಅವರ ಜೊತೆ ಕೆಲಸ ಕಲಿತ ತಾರಾಬಾಯಿ ಮೋಡಕ್, 1945ರಲ್ಲಿ ಮುಂಬಯಿಯ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಬೋರ್ಡಿ ಎಂಬ ಹಳ್ಳಿಗೆ ಬಂದರು. ಜೊತೆಗೆ ಅನುತಾಯಿ ವಾಘ್. ಮುಂದೆ ಇಬ್ಬರೂ ಹತ್ತಿರದ ಕೋಸಬಾಡ ಗುಡ್ಡದಲ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆಸಿದರು.

ಶಾಲೆ ತೆರೆದಾಯಿತು, ಮಕ್ಕಳೇ ಬರಲಿಲ್ಲ! ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಮಕ್ಕಳಂತೂ ಬರುವ ಮಾತೇ ಇರಲಿಲ್ಲ. ಸರಿ, ಮಕ್ಕಳು ಬರದಿದ್ದರೆ ನಾವೇ ಹೋಗೋಣ ಎಂದು ಇವರು ಅವರ ಮನೆಗಳ ಮುಂದಿನ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ಮರಾಠಿಯಲ್ಲಿ ಅಂಗಳಕ್ಕೆ 'ಅಂಗಣ' ಎನ್ನುತ್ತಾರೆ. ಅಂಗಣದ ವಾಡಿ, ಅಂಗಣವಾಡಿ. ಕನ್ನಡದ್ದೇ ಎನ್ನುವಷ್ಟು ನಮ್ಮದಾಗಿಬಿಟ್ಟಿರುವ 'ಅಂಗನವಾಡಿ' ಪದ ಹುಟ್ಟಿದ್ದು ಹೀಗೆ. ಮುಂಬಯಿ-ಪುಣೆಯ ಕೇಳುಗರೇ, ಮುಂದಿನ ಸಲ ಡಹಾಣೂ ಕಡೆ ಚಿಕ್ಕೂ ತಿನ್ನಲು ಹೋದಾಗ ಬೋರ್ಡಿಯಲ್ಲಿ ಒಂದು ನಿಮಿಷ ನಿಂತು ನೆನೆಸಿಕೊಳ್ಳಿ.

ಮೈಸೂರಿನ ಕಡಲೆಕಾಯಿ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದಲ್ಲಿ ಹಾಲಿಗೆ ಬರ. ಮಕ್ಕಳಿಗೆ ಹಾಲು ಬೇಕು ಎಂದು ಕೂನೂರು ತೋರಿಸಿತ್ತು. ಹಾಲು ಎಲ್ಲಿಂದ ತರುವುದು? ಪರದೇಶದಿಂದ ದಾನವಾಗಿ ಬಂದ ಹಾಲಿನ ಪುಡಿಯನ್ನೇ ಕಲಸಿ ಕೊಡುತ್ತಿದ್ದ ಕಾಲ ಅದು. ನಿಮ್ಮ ಅಪ್ಪ-ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಶಾಲೆಯಲ್ಲಿ ಕುಡಿದ ಪುಡಿಹಾಲಿನ ವಾಸನೆ ಅವರಿಗಿನ್ನೂ ನೆನಪಿರಬಹುದು.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯಿತು. ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎಂದೇ ಕರೆಯುವ ಸಂಸ್ಥೆ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಹಾಲಿಲ್ಲದಿದ್ದರೆ ಏನಂತೆ, ಕಡಲೆಕಾಯಿ ಇದೆಯಲ್ಲ ಎಂದರು ಅಲ್ಲಿನ ವಿಜ್ಞಾನಿಗಳು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ವಿಟಮಿನ್ನು ಕ್ಯಾಲ್ಸಿಯಂ ಸೇರಿಸಿ 'ಮಲ್ಟಿಪರ್ಪಸ್ ಫುಡ್' ಎಂಬ ಪುಡಿ ಮಾಡಿದರು. ಕಡಲೆಕಾಯಿಯ ಪ್ರೋಟೀನನ್ನು ಎಮ್ಮೆ ಹಾಲಿಗೆ ಬೆರೆಸಿ, ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಸಾಲುವಂತೆ ಮಾಡಿ ಅದಕ್ಕೆ 'ಮಿಲ್ಟೋನ್' ಎಂದು ಹೆಸರಿಟ್ಟರು. ಬೆಂಗಳೂರಿನಲ್ಲಿ ಅದರ ಉತ್ಪಾದನೆಯೂ ನಡೆಯಿತು. ಇಂದು ಅದರ ಹೆಸರು ಕೇಳಿದವರೇ ಅಪರೂಪ.

ಮೈಸೂರಿನವರು ರಾಗಿಯನ್ನೂ ಬಿಡಲಿಲ್ಲ. ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರು ಮೊಳಕೆ ಬರಿಸಿದ ರಾಗಿಯನ್ನು ಕೂಲಂಕಷವಾಗಿ ಪರೀಕ್ಷಿಸಿದರು. ನೋಡಿ, ಪುಟ್ಟ ಮಗುವಿನ ಹೊಟ್ಟೆಯೂ ಪುಟ್ಟದು. ಬರೀ ರಾಗಿಹಿಟ್ಟನ್ನು ಗಟ್ಟಿಯಾಗಿ ಕಾಯಿಸಿದರೆ ಮಗು ನುಂಗಲಾರದು, ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬಿದಂತೆ ಕಂಡರೂ ಸತ್ವ ಕಡಿಮೆ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಉಳಿಯುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರದಲ್ಲಿ ಸೋಸಿ 'ರಾಗಿ ಸರಿ' ಮಾಡುತ್ತಿದ್ದ ನಮ್ಮ ಅಜ್ಜಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ ಅಷ್ಟೇ!

ಪುಣೆಯ ಲೆಕ್ಕ, ಹೈದರಾಬಾದಿನ ಉತ್ತರ

ಆ ಹೊತ್ತಿಗೆ ಪ್ರಪಂಚವೆಲ್ಲ 'ಪ್ರೋಟೀನ್, ಪ್ರೋಟೀನ್' ಎಂದು ಕೂಗುತ್ತಿತ್ತು. ಬಡದೇಶಗಳ ಮಕ್ಕಳು ಬೆಳೆಯದಿರುವುದಕ್ಕೆ ಪ್ರೋಟೀನಿನ ಕೊರತೆಯೇ ಕಾರಣ ಎಂಬ ನಂಬಿಕೆ. ಇದನ್ನು ಪ್ರಶ್ನಿಸಿದವರಲ್ಲಿ ಇಬ್ಬರು ನಮ್ಮವರು. ಒಬ್ಬರು ಪಿ.ವಿ. ಸುಖಾತ್ಮೆ. ವಿಶ್ವಸಂಸ್ಥೆಯ ಆಹಾರ ಸಂಘಟನೆಯಲ್ಲಿ ಸಂಖ್ಯಾಶಾಸ್ತ್ರಜ್ಞರಾಗಿದ್ದು, ಆಮೇಲೆ ಪುಣೆಗೆ ಬಂದು ನೆಲೆಸಿದವರು. ಇನ್ನೊಬ್ಬರು ಸಿ. ಗೋಪಾಲನ್. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿತ್ತು. ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಗೋಪಾಲನ್ ಅದರ ಮುಖ್ಯಸ್ಥರಾಗಿದ್ದರು.

ಇಬ್ಬರ ವಾದವೂ ಹೆಚ್ಚುಕಡಿಮೆ ಒಂದೇ. ಮಗುವಿಗೆ ಕಡಿಮೆ ಬಿದ್ದಿರುವುದು ಪ್ರೋಟೀನ್ ಅಲ್ಲ, ಊಟವೇ! ಹೊಟ್ಟೆಗೆ ಸಾಕಷ್ಟು ಸಿಗದಿದ್ದಾಗ ದೇಹ ಪ್ರೋಟೀನನ್ನೇ ಉರುವಲಾಗಿ ಸುಟ್ಟುಬಿಡುತ್ತದೆ. ಗೋಪಾಲನ್ ಮತ್ತು ಸಂಗಡಿಗರು ಹೈದರಾಬಾದಿನ ಸುತ್ತಲ ಹಳ್ಳಿಗಳ ಪುಟ್ಟ ಮಕ್ಕಳಿಗೆ ಗೋಧಿಹಿಟ್ಟು, ಸಕ್ಕರೆ, ಎಣ್ಣೆಯಿಂದ ಮಾಡಿದ ಸಿಹಿತಿಂಡಿಯನ್ನು 14 ತಿಂಗಳು ಕೊಟ್ಟರು. ಅದರಲ್ಲಿ 310 ಕ್ಯಾಲೊರಿ, ಪ್ರೋಟೀನ್ ಬರೀ 3 ಗ್ರಾಂ. ಆದರೂ ಮಕ್ಕಳು ಎತ್ತರವಾದರು, ತೂಕ ಪಡೆದರು. 1973ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಗೋಧಿಹಿಟ್ಟು, ಸಕ್ಕರೆ, ಎಣ್ಣೆ. ಅಂದರೆ ಇಂದಿನ ಬಿಸ್ಕತ್ತಿನ ಸಾಮಾನೇ ಅಲ್ಲವೇ? ಅಂದು ಹಸಿದ ಮಗುವಿಗೆ ಅದು ಔಷಧಿಯಾಗಿತ್ತು. ಇಂದು ಫ್ಲ್ಯಾಟಿನಲ್ಲಿ ಬೆಳಗ್ಗೆ ದೋಸೆ ತಿಂದು ಹೋಗುವ ಮಗುವಿಗೆ ಅದೇ ಹೊರೆ. 'ಹೆಲ್ದೀ' ಎಂಬ ಮಾತು ತಿಂಡಿಗೆ ಅಂಟಿಕೊಂಡಿರುವ ಗುಣವಲ್ಲ. ಯಾವ ಮಗುವಿಗೆ, ಯಾವ ಕೊರತೆ ಇರುವಾಗ ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ನೂರು ವರ್ಷದ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದು ಅಂತ ನನಗನ್ನಿಸುತ್ತದೆ.

ಹೈದರಾಬಾದಿನವರು ಬರೀ ಸಕ್ಕರೆಗೆ ನಿಲ್ಲಲಿಲ್ಲ. ಸೊರಗಿದ ಮಕ್ಕಳಿಗಾಗಿ 'ಹೈದರಾಬಾದ್ ಮಿಕ್ಸ್' ಎಂಬ ಮಿಶ್ರಣವನ್ನೂ ರೂಪಿಸಿದರು. ಇಡೀ ಗೋಧಿ 40 ಗ್ರಾಂ, ಕಡಲೆ 16 ಗ್ರಾಂ, ಕಡಲೆಕಾಯಿ ಬೀಜ 10 ಗ್ರಾಂ, ಬೆಲ್ಲ 20 ಗ್ರಾಂ. ಸುಮಾರು 330 ಕ್ಯಾಲೊರಿ, 11 ಗ್ರಾಂ ಪ್ರೋಟೀನ್. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಹುರಿದ ಗೋಧಿ, ಹುರಿಗಡಲೆ, ಶೇಂಗಾ, ಬೆಲ್ಲ... ನಾಗರ ಪಂಚಮಿಗೆ ನಿಮ್ಮ ಅತ್ತೆಯವರು ಕಟ್ಟುವ ತಂಬಿಟ್ಟು ಇದೇ ತಾನೇ? ವಿಜ್ಞಾನ ಊರೆಲ್ಲ ಸುತ್ತಿ ಬಂದು ನಮ್ಮ ಅಡುಗೆಮನೆಯ ಬಾಗಿಲು ತಟ್ಟಿತು!

ತಿರುಮಕೂಡಲಿನಿಂದ ದಿಲ್ಲಿಗೆ

1975ರ ಅಕ್ಟೋಬರ್ 2, ಗಾಂಧಿ ಜಯಂತಿ. ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ-ಕಪಿಲೆ ಕೂಡುವ ಆ ತಾಲ್ಲೂಕಿನಲ್ಲಿ ನೂರು ಅಂಗನವಾಡಿಗಳು ತೆರೆದವು. ಬೋರ್ಡಿಯ ಪದ ದಿಲ್ಲಿಯ ಕಡತಕ್ಕೆ ಹೋಗಿ, ಅಲ್ಲಿಂದ ಟಿ. ನರಸೀಪುರದ ಬೋರ್ಡಿನ ಮೇಲೆ ಬಂದು ಕೂತಿತು. ಮಗುವಿಗೆ ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನ್ ಎಂಬುದು ಆಗಿನ ಅಳತೆ. 2009ರಲ್ಲಿ ಅದನ್ನು 500 ಕ್ಯಾಲೊರಿ, 12ರಿಂದ 15 ಗ್ರಾಂಗೆ ಏರಿಸಲಾಯಿತು.

ಆದರೆ ಎಲ್ಲ ಮಕ್ಕಳಿಗೂ ಅದು ತಲುಪುತ್ತಿತ್ತೇ? ಇಲ್ಲ. ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಏಕೆ ಹಸಿದಿರಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ, ಪ್ರತಿ ವಸತಿಯಲ್ಲೂ ಅಂಗನವಾಡಿ ಇರಲಿ ಎಂದು ಆದೇಶಿಸಿತು. 2004ರಲ್ಲಿ, ಅಂಗನವಾಡಿ ಆಹಾರದ ಪೂರೈಕೆಗೆ ಕಂಟ್ರಾಕ್ಟರುಗಳು ಬೇಡ ಎಂದೂ ಹೇಳಿತು.

ಅಷ್ಟಕ್ಕೇ ಮುಗಿಯಲಿಲ್ಲ. 2007-08ರಲ್ಲಿ ಬಿಸ್ಕತ್ ತಯಾರಕರ ಸಂಘವೊಂದು ಶಾಲೆಯ ಬಿಸಿಯೂಟದ ಬದಲು ಬಿಸ್ಕತ್ ಕೊಟ್ಟರೆ ಹೇಗೆ ಎಂದು ಸಂಸದರಿಗೆ ಪತ್ರ ಬರೆಯಿತು. ಎಷ್ಟೋ ಸಂಸದರು ಅದನ್ನೇ ಮಂತ್ರಿಗಳಿಗೆ ಶಿಫಾರಸೂ ಮಾಡಿದರು! ಮಂತ್ರಾಲಯ ರಾಜ್ಯಗಳ ಅಭಿಪ್ರಾಯ ಕೇಳಿತು. ರಾಜ್ಯಗಳು ಒಪ್ಪಲಿಲ್ಲ. ಬಿಸಿಯೂಟ ಉಳಿಯಿತು. ಅಂದು ರಾಜ್ಯಗಳು ಬೇಡವೆಂದ ಪ್ಯಾಕೆಟ್ಟನ್ನು ಇಂದು ನಾವು ನಮ್ಮ ಕೈಯಾರೆ, ಕಾಸು ಕೊಟ್ಟು, ಮಗುವಿನ ಡಬ್ಬಿಗೆ ಹಾಕುತ್ತಿದ್ದೇವೆ.

ಲೋಟದ ಕಥೆಯೂ ಹೀಗೇ ತಿರುಗಿದೆ. 1970ರಲ್ಲಿ ಆಪರೇಷನ್ ಫ್ಲಡ್ ಶುರುವಾಗಿ ಹಾಲಿನ ಬರ ನೀಗುತ್ತ ಬಂತು. 2013ರ ಹೊತ್ತಿಗೆ ಕರ್ನಾಟಕದಲ್ಲಿ ಹಾಲು ಎಷ್ಟು ಹೆಚ್ಚಾಯಿತೆಂದರೆ, ಆ ಆಗಸ್ಟಿನಿಂದ 'ಕ್ಷೀರಭಾಗ್ಯ' ಎಂದು ಶಾಲೆ ಮತ್ತು ಅಂಗನವಾಡಿ ಮಕ್ಕಳಿಗೆ 150 ಮಿಲಿ ಹಾಲು ಕೊಡಲು ತೊಡಗಿದರು. 2024ರ ಫೆಬ್ರವರಿಯಲ್ಲಿ ಶಾಲೆಯ ಮಕ್ಕಳ ಲೋಟಕ್ಕೆ ರಾಗಿ ಮಾಲ್ಟ್ ಕೂಡ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಇಂಟರ್ನೆಟ್ಟಿನ ಅಂಗಡಿಗಳಿಗೆ ಒಂದು ಸೂಚನೆ ಕಳಿಸಿತು. ಹಾಲಿಗೆ ಬೆರೆಸುವ ಪುಡಿ ಮತ್ತು ಪೇಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ಹೆಸರಿನಡಿ ಮಾರಬೇಡಿ ಎಂದು. ಏಕೆಂದರೆ 2006ರ ನಮ್ಮ ಆಹಾರ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ! ಅಷ್ಟು ವರ್ಷ ಜಾಹೀರಾತು ನೋಡಿ ನಾವು ನಂಬಿದ್ದ ಹೆಸರಿಗೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ನಾಳೆಯ ಡಬ್ಬಿಗೆ?

ಚರಿತ್ರೆ ಸಾಕು, ನಾಳೆ ಏನು ಹಾಕಲಿ ಹೇಳಿ ಎನ್ನುತ್ತೀರಾ? ಸರಿ. ಚರಿತ್ರೆ ಹೇಳುವುದೂ ಅದನ್ನೇ. ಒಂದು ಧಾನ್ಯ, ಒಂದು ಬೇಳೆಕಾಳು, ಜೊತೆಗೊಂದು ಹಣ್ಣೋ ತರಕಾರಿಯೋ.

ಅವಲಕ್ಕಿಗೆ ನಿಂಬೆರಸ ಹಿಂಡಿ, ಹುರಿಗಡಲೆ ಪುಡಿ ಉದುರಿಸಿ. ನಿಂಬೆಯ ಹುಳಿ ಇದ್ದರೆ ಕಬ್ಬಿಣದಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಪುಟ್ಟ ಇಡ್ಲಿಗೆ ಶೇಂಗಾ ಚಟ್ನಿಪುಡಿ ಸವರಿ. ಹೆಸರುಬೇಳೆ ದೋಸೆಯನ್ನು ಸುರುಳಿ ಸುತ್ತಿ ಕೊಡಿ. ಬೇಯಿಸಿದ ಗೆಣಸಿನ ಹೋಳು, ಬಾಳೆಹಣ್ಣು, ಮೊಟ್ಟೆ ತಿನ್ನುವವರ ಮನೆಯಲ್ಲಿ ಬೇಯಿಸಿದ ಮೊಟ್ಟೆ. ರಾಮನವಮಿಗೆ ಮಾತ್ರ ಮಾಡುವ ಕೋಸಂಬರಿಯನ್ನು ವಾರಕ್ಕೊಮ್ಮೆ ಮಾಡಿದರೆ ರಾಮ ಬೇಡ ಅಂತಾನೆಯೇ? ಸಿಹಿ ಬೇಕೆಂದು ಹಟ ಹಿಡಿದರೆ ಸಣ್ಣದೊಂದು ತಂಬಿಟ್ಟು ಇದ್ದೇ ಇದೆ. ಆದರೆ ಸಣ್ಣದೇ ಇರಲಿ. ಬೆಲ್ಲವಾದರೂ ಅದು ಸಕ್ಕರೆಯ ಅಣ್ಣನೇ.

ಒಂದು ಎಚ್ಚರಿಕೆ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಚಿಕ್ಕಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೀಜವನ್ನು ಪುಡಿ ಮಾಡಿಯೇ ಕೊಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಕೆಲವು ಮಕ್ಕಳಿಗೆ ಕಡಲೆಕಾಯಿ ಒಗ್ಗುವುದಿಲ್ಲ, ಆದ್ದರಿಂದ ಶಾಲೆಯ ಟೀಚರನ್ನೂ ಒಂದು ಮಾತು ಕೇಳಿಬಿಡಿ.

ಕುಡಿಯಲು? ನೀರು. ಅದಕ್ಕೆ ಮಿಗಿಲಾದದ್ದು ಇಲ್ಲ. ತೆಳು ಮಜ್ಜಿಗೆ, ಹಾಲು, ಸಿಹಿ ಕಡಿಮೆ ಹಾಕಿದ ರಾಗಿ ಮಾಲ್ಟ್ ನಡೆಯುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡರಿಂದ ಐದು ವರ್ಷದ ಮಕ್ಕಳಿಗೆ ಹಣ್ಣಿನ ರಸ ದಿನಕ್ಕೆ 125 ಮಿಲಿ ಮೀರಬಾರದು. ಟೀ-ಕಾಫಿ ಬೇಡವೇ ಬೇಡ. ಇನ್ನು ಸ್ಟ್ರಾ ಚುಚ್ಚಿ ಕುಡಿಯುವ ಡಬ್ಬಿಯ ಬೆನ್ನು ತಿರುಗಿಸಿ ಓದಿ. 100 ಮಿಲಿಗೆ 12 ಗ್ರಾಂ ಸಕ್ಕರೆ ಎಂದಿದ್ದರೆ, 200 ಮಿಲಿ ಡಬ್ಬಿಯಲ್ಲಿ 24 ಗ್ರಾಂ ಆಯಿತು. ಸುಮಾರು ಐದು ಟೀ ಚಮಚ! ನಿಮ್ಮ ಕಾಫಿಗೆ ನೀವು ಅಷ್ಟು ಹಾಕಿಕೊಳ್ಳುತ್ತೀರಾ?

ಕೊನೆಗೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 67 ಮಕ್ಕಳಿಗೆ ರಕ್ತಹೀನತೆ. ನೂರು ವರ್ಷ ಇಷ್ಟೆಲ್ಲ ಮಾಡಿದ ಮೇಲೂ! ನಿಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಆಚೆ ಎಲ್ಲೋ ಒಂದು ಅಂಗನವಾಡಿ ಇರುತ್ತದೆ. ನಿಮ್ಮ ಮನೆಗೆಲಸದವಳ ಮಗು, ಪಕ್ಕದಲ್ಲಿ ಏಳುತ್ತಿರುವ ಕಟ್ಟಡಕ್ಕೆ ರಾಯಚೂರಿನಿಂದಲೋ ಕಲಬುರಗಿಯಿಂದಲೋ ಕಲ್ಲು ಹೊರಲು ಬಂದವರ ಮಗು ಅಲ್ಲಿಗೆ ಹೋಗುತ್ತಿರಬಹುದು, ಹೋಗದೆಯೂ ಇರಬಹುದು. ಅವರ ತಾಯಿಗೆ ಆ ಊರಿನ ಭಾಷೆ ಬಾರದೆ, ಅಂಗನವಾಡಿ ಎಲ್ಲಿದೆ ಎಂದು ಕೇಳಲೂ ತಿಳಿಯದಿರಬಹುದು. ನಿಮಗೆ ಕನ್ನಡವೂ ಬರುತ್ತದೆ, ಆ ಊರಿನ ಮಾತೂ ಬರುತ್ತದೆ. ಒಂದು ದಿನ ಜೊತೆಗೆ ಹೋಗಿ ಸೇರಿಸಿ ಬಂದರೆ ಅರ್ಧ ಗಂಟೆಯ ಕೆಲಸ. ನಿಮ್ಮ ಮಗುವಿನ ಹುಟ್ಟುಹಬ್ಬದ ದಿನ ಆ ಅಂಗನವಾಡಿಗೆ ಕೇಕಿನ ಬದಲು ಒಂದು ಬುಟ್ಟಿ ಬಾಳೆಹಣ್ಣು ಕೊಂಡುಹೋಗಿ.

ಮತ್ತೆ, ನಿಮ್ಮ ಬಾಲ್ಯದ ಡಬ್ಬಿಯಲ್ಲಿ ಏನಿರುತ್ತಿತ್ತು? ಊರು, ಬೀದಿ, ಮಾಡಿಕೊಟ್ಟವರ ನೆನಪು ಸಮೇತ ನಮಗೆ ಬರೆದು ಕಳುಹಿಸಿ. ಅಷ್ಟರೊಳಗೆ ನಾಳೆಯ ವ್ಯಾನು ಬರುತ್ತದೆ. ಇವತ್ತು ರಾತ್ರಿ ಮಲಗುವ ಮುನ್ನ ಒಂದು ಹಿಡಿ ಹೆಸರುಬೇಳೆ ನೆನೆಹಾಕಿಬಿಡಿ.